ದಾಸಮ್ಮನ ಹೆಸರಿನ ಪುಸ್ತಕಗಳು

ಮಧುಗಿರಿಯ ಜ್ಞಾನದೀಪಿಕಾ ವಾಚನಾಲಯದಲ್ಲಿ ಕಸ ಗುಡಿಸುತ್ತಿದ್ದ ದಾಸಮ್ಮನಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಹಾಗಿದ್ದೂ ಆ ವಾಚನಾಲಯದ ದಾಖಲೆಯಲ್ಲಿ ಅವಳ ಹೆಸರಿಗೆ ಹನ್ನೆರಡು ಪುಸ್ತಕಗಳಿವೆ. ತೆಗೆದುಕೊಂಡ ತಾರೀಕು ಇದೆ, ಹೆಬ್ಬೆಟ್ಟಿನ ಗುರುತು ಇದೆ, ಹಿಂದಿರುಗಿಸಿದ ತಾರೀಕಿನ ಜಾಗ ಮಾತ್ರ ಖಾಲಿ. ಆ ಹನ್ನೆರಡರಲ್ಲಿ ಅವಳು ನಿಜವಾಗಿ ತೆಗೆದುಕೊಂಡದ್ದು ಒಂದೇ ಒಂದು. ಊರಿನವರು ಈ ಕಥೆ ಹೇಳುವಾಗ ಮೊರದ ಸಂಗತಿ ಬಂದ ಕೂಡಲೇ ನಗುತ್ತಾರೆ. ನಗುವವರು ನಗಲಿ. ಕೊನೆಯವರೆಗೆ ಕೂತು ಕೇಳಿದವರು ಯಾರೂ ನಕ್ಕಿದ್ದಿಲ್ಲ.

ಅವಳ ಗಂಡ ಚಿಕ್ಕನರಸಯ್ಯ ಅದೇ ವಾಚನಾಲಯದ ಕಾವಲುಗಾರನಾಗಿದ್ದ. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ವಾಂತಿಭೇದಿ ಬಂದು ಎರಡೇ ದಿನದಲ್ಲಿ ಅವನು ಹೋದ ಮೇಲೆ, ವಾಚನಾಲಯದ ಕಮಿಟಿಯವರು ದೊಡ್ಡ ಮನಸ್ಸು ಮಾಡಿ ಅವಳ ಕೈಗೆ ಪೊರಕೆ ಕೊಟ್ಟರು. ದೊಡ್ಡ ಮನಸ್ಸು ಎನ್ನುವುದು ಕಮಿಟಿಯ ಆ ವರ್ಷದ ವರದಿಯಲ್ಲಿರುವ ಮಾತು, ನನ್ನದಲ್ಲ. ಬೆಳಿಗ್ಗೆ ಏಳಕ್ಕೆ ಬಂದು ಗುಡಿಸಬೇಕು, ಬೆಂಚು ಒರೆಸಬೇಕು, ಬೀರುಗಳಿಂದ ಪುಸ್ತಕ ಇಳಿಸಿ ದೂಳು ಹೊಡೆದು ಮತ್ತೆ ಅದೇ ಜಾಗದಲ್ಲಿ ಜೋಡಿಸಬೇಕು. ಕುಡಿಯುವ ನೀರಿನ ಗಡಿಗೆಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಅವಳ ಕೈ ಬೇಕಿತ್ತು. ಹತ್ತು ಗಂಟೆಯ ಮೇಲೆ ಹೊರಬಾಗಿಲ ಮೆಟ್ಟಿಲ ಪಕ್ಕ ಕೂತು ಓದಲು ಬಂದವರ ಚಪ್ಪಲಿ ಕಾಯಬೇಕು. ಅಲ್ಲಿ ಚಪ್ಪಲಿ ಕಳವಾಗುತ್ತಿತ್ತು. ಕದಿಯುತ್ತಿದ್ದವರೂ ಓದಲು ಬಂದವರೇ, ಅದು ಬೇರೆ ಮಾತು.

ಆ ಮೆಟ್ಟಿಲ ಪಕ್ಕ ಕೂತವಳಿಗೆ ಕಾಣುತ್ತಿದ್ದದ್ದು ಎರಡೇ. ಒಳಗೆ ಹೋಗುವವರ ಕಾಲು, ಹೊರಗೆ ಬರುವವರ ಕೈ. ಕೈಯಲ್ಲಿ ಪುಸ್ತಕ. ಹನ್ನೊಂದು ವರ್ಷ ಅವಳು ಅದನ್ನೇ ನೋಡಿಕೊಂಡು ಕೂತಿದ್ದಳು.

ಮನೆಯಲ್ಲಿ ಇದ್ದವಳು ಮಗಳು ಸಣ್ಣಕ್ಕ ಒಬ್ಬಳೇ. ಮೂರು ವರ್ಷದವಳಿದ್ದಾಗ ಬಂದ ಜ್ವರದಲ್ಲಿ ಅವಳ ಬಲಗಾಲು ಸೊರಗಿಹೋಗಿತ್ತು. ಈಗ ಇಪ್ಪತ್ತು ತುಂಬಿತ್ತು. ಕೂತಲ್ಲಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು. ತಾನು ಸತ್ತರೆ ಇವಳ ಗತಿಯೇನು ಎನ್ನುವುದನ್ನು ಬಿಟ್ಟರೆ ದಾಸಮ್ಮನಿಗೆ ಬೇರೆ ಯೋಚನೆಯಿರಲಿಲ್ಲ. ಅಂಥ ಹೊತ್ತಿನಲ್ಲಿ, ಎಪ್ಪತ್ತೊಂಬತ್ತರ ಸಂಕ್ರಾಂತಿ ಕಳೆದ ಮೇಲೆ, ವಾಚನಾಲಯವನ್ನು ಸರ್ಕಾರದವರು ವಹಿಸಿಕೊಳ್ಳುತ್ತಾರೆ ಎಂಬ ಸುದ್ದಿ ಬಂತು. ಏಪ್ರಿಲ್ ತಿಂಗಳಲ್ಲಿ ಅಧಿಕಾರಿಯೊಬ್ಬರು ಬಂದು ಪುಸ್ತಕಗಳನ್ನು ತಾಳೆ ನೋಡುತ್ತಾರೆ, ಎಲ್ಲ ಸರಿಯಿದ್ದರೆ ಅಂದು ಪಟ್ಟಿಯಲ್ಲಿರುವ ಕೆಲಸಗಾರರೆಲ್ಲ ಖಾಯಂ ಆಗುತ್ತಾರೆ.

ಗ್ರಂಥಪಾಲಕ ಶಂಕರಲಿಂಗಪ್ಪನವರು ಅದನ್ನು ಅವಳಿಗೆ ಬಿಡಿಸಿ ಹೇಳಿದರು. "ನಿನ್ನ ಹೆಸರೂ ಪಟ್ಟಿಗೆ ಹಾಕಿದೀನಿ ಕಣಮ್ಮ. ಖಾಯಂ ಆದ್ರೆ ಪಿಂಚಣಿ ಇರುತ್ತೆ. ನಿನ್ನ ಕಾಲ ಆದ್ಮೇಲೂ ನಿನ್ನ ಮಗಳಿಗೆ ಏನಾದ್ರೂ ಸಿಗಬಹುದು."

ಅವತ್ತು ದಾಸಮ್ಮ ಮನೆಗೆ ಹೋಗಿ ಮಗಳಿಗೆ ಏನನ್ನೂ ಹೇಳಲಿಲ್ಲ. ಹೇಳಿದರೆ ಎಲ್ಲಿ ತಪ್ಪಿಹೋಗುತ್ತದೋ ಎಂದು ಹೆದರಿದ್ದಳು.

ಶಂಕರಲಿಂಗಪ್ಪನವರು ಕೆಟ್ಟವರಲ್ಲ. ಅಷ್ಟು ಮಾತ್ರ ಹೇಳಬಹುದು, ಅದಕ್ಕಿಂತ ಹೆಚ್ಚು ಹೇಳಲು ಮನಸ್ಸು ಬಾರದು. ಅವರಿಗಿದ್ದ ಚಟ ಎಲೆಅಡಿಕೆಯೊಂದೇ. ಬಾಯಿ ಖಾಲಿಯಿದ್ದ ಹೊತ್ತು ಕಡಿಮೆ. ಎರಡು ವರ್ಷದ ಹಿಂದೆ, ಪುಸ್ತಕ ಕೊಟ್ಟದ್ದನ್ನು ರಿಜಿಸ್ಟರಿನಲ್ಲಿ ಬರೆಯುವ ಹಳೆಯ ಕ್ರಮವನ್ನು ಬಿಟ್ಟು ಅವರು ಕಾರ್ಡಿನ ಕ್ರಮ ತಂದಿದ್ದರು. ಪ್ರತಿ ಪುಸ್ತಕದ ಹಿಂದಿನ ರಟ್ಟಿಗೆ ಒಂದು ಜೇಬು, ಜೇಬಿನಲ್ಲಿ ಒಂದು ದಪ್ಪ ಕಾರ್ಡು. ಪುಸ್ತಕ ಯಾರಿಗಾದರೂ ಕೊಟ್ಟಾಗ ಆ ಕಾರ್ಡನ್ನು ಹೊರಗೆ ತೆಗೆದು, ಅದರ ಮೇಲೆ ಒಯ್ದವರ ಹೆಸರು ಊರು ತಾರೀಕು ಬರೆದು, ಉದ್ದನೆಯ ಮರದ ಟ್ರೇನಲ್ಲಿ ನಿಲ್ಲಿಸುವುದು. ಪುಸ್ತಕ ವಾಪಸು ಬಂದಾಗ ಕಾರ್ಡು ಮತ್ತೆ ಜೇಬಿಗೆ. ಹಾಗಾಗಿ ಯಾವ ಪುಸ್ತಕ ಯಾರ ಮನೆಯಲ್ಲಿದೆ ಎನ್ನುವುದಕ್ಕೆ ಆ ಟ್ರೇ ಬಿಟ್ಟರೆ ಇನ್ನೊಂದು ಗುರುತಿರಲಿಲ್ಲ. ಬರೆದು ತುಂಬಿಹೋದ ಹಳೆಯ ಕಾರ್ಡುಗಳನ್ನು ಅವರು ಹೋದ ವರ್ಷ ರದ್ದಿ ಕಾಗದದ ಜೊತೆ ದಾಸಮ್ಮನಿಗೇ ಕೊಟ್ಟಿದ್ದರು.

ರದ್ದಿ ಕಾಗದ ಅವಳಿಗೇಕೆ ಎಂದರೆ ಮೊರಕ್ಕೆ. ಕಾಗದವನ್ನು ನೀರಲ್ಲಿ ನೆನೆಹಾಕಿ, ಮೆಂತ್ಯ ಸೇರಿಸಿ, ಒರಳಿನಲ್ಲಿ ನುಣ್ಣಗೆ ಕುಟ್ಟಿ, ಬಿರುಕು ಬಿಟ್ಟ ಮೊರಕ್ಕೆ ಬಳಿದು ಬಿಸಿಲಲ್ಲಿ ಒಣಗಿಸಿದರೆ ಇನ್ನೆರಡು ವರ್ಷ ಬಾಳಿಕೆ ಬರುತ್ತದೆ. ಉಳಿದದ್ದನ್ನು ಬೋರಲು ಹಾಕಿದ ಮಡಕೆಯ ಮೇಲೆ ಮೆತ್ತಿದರೆ ಒಂದು ಪುಟ್ಟಿ. ಯುಗಾದಿಗೆ ಮುಂಚೆ, ಬಿಸಿಲು ಬಲಿತ ಮೇಲೆ, ಆ ಸೀಮೆಯ ಹೆಂಗಸರೆಲ್ಲ ಮಾಡುತ್ತಿದ್ದ ಕೆಲಸ ಅದು. ದಪ್ಪ ಕಾರ್ಡು ಸಿಕ್ಕಿದರಂತೂ ಮೊರ ಕಲ್ಲಿನ ಹಾಗೆ ಗಟ್ಟಿ.

ಮಾರ್ಚ್ ತಿಂಗಳ ಮೊದಲ ಶನಿವಾರ. ಅಧಿಕಾರಿ ಬರುತ್ತಾರೆಂದು ವಾಚನಾಲಯಕ್ಕೆ ಸುಣ್ಣ ಹೊಡೆಸುವುದಿತ್ತು. ಶಂಕರಲಿಂಗಪ್ಪನವರು ನಾಲ್ಕು ದಿನ ರಜೆ ಹಾಕಿ ಕೊರಟಗೆರೆಗೆ, ಹೆಂಡತಿಯ ತವರಿಗೆ ಹೊರಟಿದ್ದರು. ಬಸ್ಸಿನ ಕಂಡಕ್ಟರು ಸೀಟಿ ಊದುತ್ತಿದ್ದ. ಬಾಯಿ ತುಂಬ ಎಲೆಅಡಿಕೆ. ರಸ ಚೆಲ್ಲದಂತೆ ಗದ್ದ ಮೇಲೆತ್ತಿ, ಮೆಟ್ಟಿಲ ಮೇಲೆ ನಿಂತೇ ಅವರು ಹೇಳಿದರು: "ಮೇಜಿನ ಮೇಲಿನ ಹಳೇ ಪೇಪರು ನೀನು ತಗೊಂಡ್ಹೋಗು. ಆ ಟ್ರೇನಲ್ಲಿರೋ ಕಾರ್ಡು ತೆಗ್ದುಡು."

"ಎಲ್ಲಾನೂವಾ ಸ್ವಾಮಿ?"

"ಹೂಂ, ಎಲ್ಲಾನೂ."

ಅವರು ಹೇಳಿದ್ದು ತೆಗೆದಿಡು. ಸುಣ್ಣ ಬೀಳದ ಹಾಗೆ ಬೀರುವಿನೊಳಗೆ ಜೋಪಾನವಾಗಿ ತೆಗೆದಿಡು ಎಂದು. ಬಾಯಿಯೊಳಗಿನ ಎಲೆಅಡಿಕೆಯನ್ನು ದಾಟಿ ದಾಸಮ್ಮನ ಕಿವಿಗೆ ಬಿದ್ದದ್ದು ತೆಗ್ದ್‌ಬುಡು. ಒಂದು ಅಕ್ಷರದ ವ್ಯತ್ಯಾಸ. ಎಲೆಅಡಿಕೆ ಉಗುಳಿಬಂದು ಆ ಒಂದಕ್ಷರವನ್ನು ಸರಿಯಾಗಿ ಹೇಳಿದ್ದರೆ ಎಂದು ಶಂಕರಲಿಂಗಪ್ಪನವರು ಆಮೇಲೆ ಎಷ್ಟು ಸಲ ಅಂದುಕೊಂಡರೋ ಗೊತ್ತಿಲ್ಲ. ಅಂದುಕೊಂಡಿದ್ದರೆ ಒಳ್ಳೆಯದು.

ದಾಸಮ್ಮ ಪೇಪರು, ಕಾರ್ಡು ಎರಡನ್ನೂ ಪುಟ್ಟಿಯಲ್ಲಿ ಹೊತ್ತು ಮನೆಗೆ ಹೋದಳು. ಎರಡು ದಿನ ನೆನೆದ ಕಾರ್ಡುಗಳನ್ನು ಸೋಮವಾರ ಸಣ್ಣಕ್ಕ ಕೂತಲ್ಲೇ ಕುಟ್ಟಿದಳು. ಎರಡು ಮೊರ, ಒಂದು ಪುಟ್ಟಿ ಆಯಿತು. ಅಕ್ಕಪಕ್ಕದವರು ಬಂದು ಬೆರಳಲ್ಲಿ ತಟ್ಟಿ ನೋಡಿ, ಈ ಸಲದ್ದು ಬಲು ಗಟ್ಟಿ ಬಂದೈತೆ ಎಂದು ಮೆಚ್ಚಿಕೊಂಡರು.

ಬುಧವಾರ ಶಂಕರಲಿಂಗಪ್ಪನವರು ಬಂದು ಖಾಲಿ ಟ್ರೇ ನೋಡಿ, ಬೀರು ತೆರೆದು ನೋಡಿ, ಇನ್ನೊಂದು ಬೀರು ತೆರೆದು ನೋಡಿ, ದಾಸಮ್ಮನನ್ನು ಕರೆದರು. "ಕಾರ್ಡು ಎಲ್ಲಿ ತೆಗೆದಿಟ್ಟಿದೀಯ?"

"ನೀವೇ ತೆಗ್ದ್‌ಬುಡು ಅಂದ್ರಲ್ಲ ಸ್ವಾಮಿ. ಮೊರಕ್ಕೆ ಬಳ್ದ್‌ಬುಟ್ಟೆ."

ಅವರು ಅವಳ ಹಿಂದೆಯೇ ಹೊರಟರು. ಹನ್ನೊಂದು ವರ್ಷದಲ್ಲಿ ಅವಳ ಕೇರಿಯತ್ತ ಬಂದಿರದಿದ್ದವರು ಅವತ್ತು ಅವಳ ಅಂಗಳದಲ್ಲಿ ನಿಂತರು. ಮೊರವನ್ನು ಬಿಸಿಲಿಗೆ ಹಿಡಿದು ನೋಡಿದರು. ಬೂದಿ ಬಣ್ಣದ ನಡುವೆ ಅಲ್ಲಲ್ಲಿ ನೇರಳೆ ಶಾಯಿ ಕದಡಿದ ಕಲೆ. ಒಂದು ಕಡೆ ಕುಟ್ಟುವಾಗ ಸಿಕ್ಕದೆ ಉಳಿದ ಚೂರಿನಲ್ಲಿ ಅವರದೇ ಕೈಬರಹದ 'ರಿ' ಎನ್ನುವ ಅಕ್ಷರ. ದೊಡ್ಡೇರಿಯ 'ರಿ' ಇರಬಹುದು, ಮಧುಗಿರಿಯದೂ ಇರಬಹುದು. ಅವರು ಒರಳಿನ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟರು.

"ತೆಗೆದಿಡು ಅಂದೆ ಕಣಮ್ಮ ನಾನು," ಎಂದರು.

ದಾಸಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳು ಮೊದಲು ನೋಡಿದ್ದು ಗೋಡೆಗೊರಗಿ ಕೂತಿದ್ದ ಮಗಳ ಕಾಲನ್ನು.

ಪುಸ್ತಕಗಳ ಮೂಲ ರಿಜಿಸ್ಟರು ಇತ್ತು. ಅದನ್ನು ಹಿಡಿದು ಎರಡು ದಿನ ಬೀರುಗಳನ್ನು ತಾಳೆ ನೋಡಿದಾಗ ನೂರ ತೊಂಬತ್ತೇಳು ಪುಸ್ತಕ ಜಾಗದಲ್ಲಿರಲಿಲ್ಲ. ಯಾವ ಪುಸ್ತಕ ಇಲ್ಲ ಎಂದು ಗೊತ್ತಾಯಿತು, ಯಾರ ಹತ್ತಿರ ಇದೆ ಎಂದು ಗೊತ್ತಾಗಲಿಲ್ಲ. ಬಾಗಿಲಿಗೆ ನೋಟೀಸು ಅಂಟಿಸಿದ ಮೇಲೆ ಊರೊಳಗಿನ ಮರ್ಯಾದಸ್ಥರು ಅರವತ್ತೊಂದು ತಂದುಕೊಟ್ಟರು. ಉಳಿದವರು ತೆಪ್ಪಗಿದ್ದರು. ಕೇಳುವವರ ಕೈಯಲ್ಲಿ ಪುರಾವೆಯಿಲ್ಲ ಎಂದು ತಿಳಿದರೆ ಓದಿದವರೂ ತೆಪ್ಪಗಿರುತ್ತಾರೆ.

"ಅಧಿಕಾರಿ ಬರೋಕೆ ಇನ್ನು ಒಂದು ತಿಂಗಳು. ಅಷ್ಟರಲ್ಲಿ ಸಿಗದಿದ್ರೆ ನಿನ್ನ ಹೆಸರು ಪಟ್ಟಿಯಿಂದ ಹೋಗುತ್ತೆ ದಾಸಮ್ಮ. ನನ್ನದೂ ಹೋಗಬಹುದು," ಎಂದು ಶಂಕರಲಿಂಗಪ್ಪನವರು ತಲೆಮೇಲೆ ಕೈ ಹೊತ್ತರು.

ಆಗ ದಾಸಮ್ಮ ಒಂದು ಮಾತು ಕೇಳಿದಳು. "ಇಲ್ದಿರೋ ಪುಸ್ತಕದ ರಟ್ಟು ಎಂಥದ್ದು ಅಂತ ಯೋಳ್ತೀರಾ ಸ್ವಾಮಿ? ಹೆಸ್ರು ಬ್ಯಾಡ. ಬಣ್ಣ ಯೋಳಿ, ದಪ್ಪ ಯೋಳಿ, ಎಲ್ಲಿ ಹರಿದೈತೆ ಯೋಳಿ."

ನಂಬಿಕೆಯಿಲ್ಲದೆಯೇ ಅವರು ಹೇಳಿದರು. ಕೆಂಪು ರಟ್ಟು, ಬೆನ್ನಿನ ಮೇಲೆ ಎಣ್ಣೆಕಲೆ. ದಾಸಮ್ಮ ಕಣ್ಣು ಮುಚ್ಚಿಕೊಂಡಳು. "ಟೈರಿನ ಚಪ್ಪಲಿ. ಎಡಗಡೇದು ಉಂಗುಷ್ಠ ಕಿತ್ತೋಗಿ ಪಿನ್ನು ಹಾಕವ್ರೆ. ದೊಡ್ಡೇರಿ ಬಸ್ಸಿಗೆ ಓಡೋರು." ದೊಡ್ಡೇರಿಯ ಶಾಲೆಯ ಮೇಷ್ಟ್ರು ಕಾಡಸಿದ್ದಪ್ಪ. ಹಸಿರು ಕ್ಯಾಲಿಕೋ ಬಟ್ಟೆಯ ರಟ್ಟು, ಮೂಲೆ ಇಲಿ ಕಡಿದದ್ದು. "ಮುಂದೆ ಚೂಪಾಗಿರೋ ಮೆಟ್ಟು, ಅತ್ತರಿನ ವಾಸ್ನೆ. ಶಿರಾದ ಸಾಬ್ರು." ಕಡಲೆಕಾಯಿ ವ್ಯಾಪಾರದ ಜಬ್ಬಾರ್ ಸಾಹೇಬರು. ಹೀಗೆ ಒಂದಾದ ಮೇಲೊಂದು. ಮಧ್ಯಾಹ್ನದ ಹೊತ್ತಿಗೆ ಶಂಕರಲಿಂಗಪ್ಪನವರು ಎಲೆಅಡಿಕೆ ಮರೆತು ಬರೆದುಕೊಳ್ಳುತ್ತಿದ್ದರು. ತಾವು ಕಾರ್ಡಿನ ಮೇಲೆ ಬರೆದದ್ದನ್ನೆಲ್ಲ ಈ ಹೆಂಗಸು ಚಪ್ಪಲಿಯ ಮೇಲೆ ಓದಿಕೊಂಡು ಕೂತಿದ್ದಳು ಎನ್ನುವುದು ಅವರಿಗೆ ಆಗ ತಿಳಿಯಿತು.

ಮರುದಿನದಿಂದ ಅವಳು ತಿರುಗಲು ಶುರುಮಾಡಿದಳು. ಗುಡಿಸುವ ಕೆಲಸ ಮುಗಿಸಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ವಾಪಸು. ಬಸ್ಸು ಸಿಕ್ಕರೆ ಬಸ್ಸು, ಇಲ್ಲವಾದರೆ ಕಾಲು. ಮಾರ್ಚಿನ ಬಿಸಿಲು. ಯಾರ ಮನೆಯಲ್ಲೂ ಅವಳು ಜಗಲಿ ಹತ್ತುವಂತಿರಲಿಲ್ಲ. ಬೀದಿಯಲ್ಲಿ ನಿಂತು ಕೂಗಬೇಕು. ಕಾಡಸಿದ್ದಪ್ಪ ಮೇಷ್ಟ್ರು, "ನನ್ನ ಹತ್ರ ಯಾವ ಪುಸ್ತಕಾನೂ ಇಲ್ಲ, ಯಾರು ಹೇಳಿದ್ರು ನಿಂಗೆ?" ಎಂದು ಗದರಿದರು. "ಕೆಂಪು ರಟ್ಟಿಂದು ಸ್ವಾಮಿ, ಬೆನ್ನ ಮೇಲೆ ಎಣ್ಣೆ ಬಿದ್ದೈತೆ. ಅವತ್ತು ಮಳೆ ಅಂತ ಅಂಗಿಯೊಳೀಕೆ ಇಟ್ಕಂಡು ಓಡಿದ್ರಿ," ಎಂದು ಅವಳು ಅಲ್ಲಿಂದ ಕದಲಲಿಲ್ಲ. ಶಾಲೆಯ ಮಕ್ಕಳು ಕಿಟಕಿಯಲ್ಲಿ ಇಣುಕತೊಡಗಿದ ಮೇಲೆ ಪುಸ್ತಕ ಹೊರಗೆ ಬಂತು. ಹೊಳವನಹಳ್ಳಿಯಲ್ಲಿ ಒಬ್ಬರು ಎರಡು ಪುಸ್ತಕವನ್ನು ಅವಳ ಸೆರಗಿಗೆ ಮೇಲಿನಿಂದ ಹಾಕಿದರು. ಪಾವಗಡದಲ್ಲಿ ಕಾಂಪೌಂಡರ ಹೆಂಡತಿ, "ಎವರಮ್ಮಾ ನುವ್ವು? ಪುಸ್ತಕಂ ಲೇದು," ಎಂದು ತೆಲುಗಿನಲ್ಲೇ ಸಾಗಹಾಕಿ ಬಾಗಿಲು ಹಾಕಿಕೊಂಡಳು. ದಾಸಮ್ಮ ಕಾಂಪೌಂಡರು ಬರುವವರೆಗೆ ಬೇವಿನ ಮರದ ಕೆಳಗೆ ಕೂತಿದ್ದು ಈಸಿಕೊಂಡೇ ಬಂದಳು. ಶಿರಾದ ಜಬ್ಬಾರ್ ಸಾಹೇಬರೊಬ್ಬರೇ ಅವಳಿಗೆ ಲೋಟದಲ್ಲಿ ನೀರು ಕೊಟ್ಟು, "ಮಾಫ್ ಕರೋ ಅಮ್ಮಾ, ಮರ್ತೇ ಹೋಗಿತ್ತು," ಎಂದವರು.

ಒಂದೊಂದು ಪುಸ್ತಕ ಬಂದಾಗಲೂ ಶಂಕರಲಿಂಗಪ್ಪನವರು ಹೊಸ ಕಾರ್ಡು ಬರೆದು ಜೇಬಿಗೆ ಸೇರಿಸಿ, ಪಟ್ಟಿಯಲ್ಲಿ ಗೆರೆ ಹೊಡೆಯುತ್ತಿದ್ದರು. ಆ ಗೆರೆ ಎಳೆಯುವುದನ್ನು ನೋಡಲಿಕ್ಕಾಗಿಯೇ ದಾಸಮ್ಮ ಹೊಸಿಲ ಹೊರಗೆ ನಿಂತಿರುತ್ತಿದ್ದಳು.

ಕೊನೆಯ ವಾರದಲ್ಲಿ ಅವಳು ದೊಡ್ಡೇರಿ ದಾಟಿ ಒಂದು ಕುರುಬರ ಹಟ್ಟಿಗೆ ಹೋದಳು. ನೀಲಿ ರಟ್ಟಿನ, ಮೇಲೆ ಕುರಿಯ ಚಿತ್ರವಿದ್ದ ಪುಸ್ತಕ. ಅದನ್ನು ಒಯ್ದವನನ್ನು ಅವಳು ಮರೆಯುವಂತಿರಲಿಲ್ಲ. ಬೇರೆಯವರು ಚಪ್ಪಲಿಯನ್ನು ಅವಳ ಮುಂದೆ ಒದರಿಬಿಟ್ಟು ಹೋದರೆ, ಆ ಹುಡುಗ ತನ್ನ ಕ್ಯಾನ್ವಾಸ್ ಬೂಟನ್ನು ತಾನೇ ಎತ್ತಿ ಗೋಡೆಯ ಬುಡಕ್ಕೆ ಜೋಡಿಸಿ ಒಳಗೆ ಹೋಗುತ್ತಿದ್ದ. ಮಧುಗಿರಿಯ ಕಾಲೇಜಿಗೆ ಬರುತ್ತಿದ್ದವನು, ಹೆಸರು ಯತ್ತಪ್ಪ.

ಕುರಿರೊಪ್ಪದ ಕಲ್ಲುಗೋಡೆಯ ಹತ್ತಿರ ಅವನ ತಾಯಿ ಕರಿಯಕ್ಕ ಉಣ್ಣೆ ಹಿಂಜುತ್ತಿದ್ದಳು.

"ಕ್ಯಾನ್ವಾಸ್ ಬೂಟು ಹಾಕ್ತಿದ್ನಲ್ಲಕ್ಕ, ಎಡಗಾಲಿನ ಹೆಬ್ಬೆಟ್ಟು ಆಚೆ ಕಾಣ್ತಿತ್ತು, ಆ ಹುಡುಗನ ಮನೆ ಇದೇ ಅಲ್ವಾ?" ಎಂದು ದಾಸಮ್ಮ ಕೇಳಿದಳು.

"ಆ ಬೂಟು ಐತೆ," ಎಂದಳು ಕರಿಯಕ್ಕ. "ಹುಡುಗ ಇಲ್ಲ."

ದೀಪಾವಳಿಯ ಹೊತ್ತಿಗೆ ಕಾಮಾಲೆ ಬಂದಿತ್ತು. ನಾಟಿ ಔಷಧಿ ಕೊಡಿಸಿದರು, ಮಧುಗಿರಿಯ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ತಡವಾಗಿತ್ತು. ಕರಿಯಕ್ಕ ಇದನ್ನೆಲ್ಲ ಉಣ್ಣೆ ಹಿಂಜುವುದನ್ನು ನಿಲ್ಲಿಸದೆ ಹೇಳಿದಳು. ಆ ಪುಸ್ತಕದಲ್ಲಿ ಕುರಿ ಮೇಕೆಗಳಿಗೆ ಬರುವ ರೋಗಗಳ ವಿವರವಿತ್ತು. ಅವನು ಸಾಯಂಕಾಲ ರೊಪ್ಪದಲ್ಲಿ ಕೂತು ಅದನ್ನು ತಾಯಿಗೆ ಓದಿ ಹೇಳುತ್ತಿದ್ದ. ಹಾಗೆ ಓದಿ ಹೇಳಿದ್ದರಿಂದಲೇ ಆ ವರ್ಷ ಏಳೆಂಟು ಮರಿ ಉಳಿದಿದ್ದವು.

"ಕುರಿ ಕಾಯ್ಲೆಗೆಲ್ಲ ಅದ್ರಾಗೆ ಮದ್ದು ಬರ್ದೈತೆ. ಮನುಷ್ಯರಿಂದು ಬರ್ದಿಲ್ಲ," ಎಂದಳು.

ದಾಸಮ್ಮನಿಗೆ ವಾಪಸು ಹೋಗಿಬಿಡೋಣ ಎನ್ನಿಸಿತು. ಪುಸ್ತಕ ಸಿಗಲಿಲ್ಲ ಎಂದು ಹೇಳಿದರಾಯಿತು. ಆದರೆ ಒಂದು ಕಡಿಮೆಯಾದರೂ ತನ್ನ ಹೆಸರು ಹೋಗುತ್ತದೆ ಎಂದು ಶಂಕರಲಿಂಗಪ್ಪನವರು ಹೇಳಿದ್ದರು. ಸಣ್ಣಕ್ಕ ಗೋಡೆ ಹಿಡಿದು ಏಳುವುದು ಕಣ್ಣ ಮುಂದೆ ಬಂತು. ಅವಳು ಕೇಳಿಯೇಬಿಟ್ಟಳು. ಆಮೇಲಿನ ಜೀವನದಲ್ಲಿ ಅವಳು ತನ್ನ ಬಗ್ಗೆ ನಾಚಿಕೊಂಡದ್ದಿದ್ದರೆ ಅದೊಂದಕ್ಕೆ.

"ಅದು ಹೋದ್ರೆ ನನ್ನ ಅನ್ನ ಹೋಗ್ತದೆ ಕಣಕ್ಕ. ಕೊಟ್‌ಬುಡು."

ಕರಿಯಕ್ಕ ಹಿಂಜುತ್ತಿದ್ದ ಉಣ್ಣೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಒಳಗೆ ಹೋಗಿ ಪುಸ್ತಕ ತಂದು ರೊಪ್ಪದ ಕಲ್ಲುಗೋಡೆಯ ಮೇಲೆ ಇಟ್ಟಳು. ದಾಸಮ್ಮ ಅದನ್ನು ಅಲ್ಲಿಂದ ಎತ್ತಿಕೊಂಡಳು. ಹಾಳೆಗಳ ನಡುವೆ ಒಂದು ಕರಿ ಉಣ್ಣೆಯ ಎಳೆ ಇತ್ತು.

"ಆ ಎಳೆ ತೆಗೀಬ್ಯಾಡ," ಎಂದಳು ಕರಿಯಕ್ಕ. "ಅಲ್ಲಿಗಂಟ ಓದಿದ್ದ."

ದಾಸಮ್ಮ ತೆಗೆಯಲಿಲ್ಲ. ಶಂಕರಲಿಂಗಪ್ಪನವರಿಗೂ ತೆಗೆಯಲು ಬಿಡಲಿಲ್ಲ. ಎಳೆಯ ಸಮೇತ ಪುಸ್ತಕ ಬೀರು ಸೇರಿತು.

ಏಪ್ರಿಲ್ ಮೊದಲ ವಾರದ ಹೊತ್ತಿಗೆ ಅವಳು ತಂದು ಹಾಕಿದ್ದು ನೂರ ಇಪ್ಪತ್ತೈದು. ಮೊದಲಿನ ಅರವತ್ತೊಂದೂ ಸೇರಿ ನೂರ ಎಂಬತ್ತಾರು. ಅವಳ ಮಗಳು ಒರಳಿನಲ್ಲಿ ಕುಟ್ಟಿದ ಕಾರ್ಡುಗಳೂ ಅಷ್ಟೇ ಇದ್ದವು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ತಾನು ಹಾಳು ಮಾಡಿದ್ದರಲ್ಲಿ ತಾನಾಗಿ ಬಾರದ್ದನ್ನೆಲ್ಲ ಅವಳು ಕಾಲು ಸವೆಸಿ ತಂದು ಜೋಡಿಸಿದ್ದಳು. ಪಟ್ಟಿಯಲ್ಲಿ ಇನ್ನೂ ಹನ್ನೊಂದು ಉಳಿದಿದ್ದವು.

"ಹನ್ನೊಂದೂ ಒಂದೇ ಥರದ್ದು," ಎಂದರು ಶಂಕರಲಿಂಗಪ್ಪನವರು, ಅವಳ ಮುಖ ನೋಡದೆ. "ಇಂಗ್ಲಿಷ್ ವಿಶ್ವಕೋಶ. ಕಪ್ಪು ರಟ್ಟು, ಬೆನ್ನಿನ ಮೇಲೆ ಚಿನ್ನದ ಅಕ್ಷರ."

ದಾಸಮ್ಮ ಕಣ್ಣು ಮುಚ್ಚಬೇಕಾಗಿರಲಿಲ್ಲ. "ಅವು ಅಧ್ಯಕ್ಷರ ಮನೇಲಿ ಅವೆ ಸ್ವಾಮಿ. ನಾನೇ ಅಲ್ವಾ ಹೊತ್ಕಂಡು ಹೋಗಿ ಹಾಕಿದ್ದು."

ಹೌದು, ಅವಳೇ. ಕಮಿಟಿಯ ಅಧ್ಯಕ್ಷ ನಾಗಲಿಂಗಯ್ಯನವರ ಮಗಳನ್ನು ನೋಡಲು ಹಿಂದಿನ ವರ್ಷ ಬೆಂಗಳೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ನಡುಮನೆಯಲ್ಲಿ ಹೊಸ ಗಾಜಿನ ಬೀರು ಬಂದಿತ್ತು, ಒಳಗೆ ಇಡಲು ಏನೂ ಇರಲಿಲ್ಲ. ದಪ್ಪ ಪುಸ್ತಕವಿದ್ದರೆ ಮನೆತನಕ್ಕೆ ಕಳೆ ಎಂದು ಅಧ್ಯಕ್ಷರು ಹೇಳಿಕಳಿಸಿದರು. ಶಂಕರಲಿಂಗಪ್ಪನವರು ಹನ್ನೊಂದು ಸಂಪುಟವನ್ನು ದಾಸಮ್ಮನ ಪುಟ್ಟಿಗೆ ತುಂಬಿದರು. ಅವಳು ಹೊತ್ತು ಹೋಗಿ ಗೇಟಿನ ಹತ್ತಿರ ಇಳಿಸಿದಳು. ಆಳು ಒಳಗೆ ತೆಗೆದುಕೊಂಡು ಹೋದ. ಸಂಬಂಧ ಕುದುರಿತು, ಮದುವೆ ಆಯಿತು, ಪುಸ್ತಕ ಬೀರುವಿನಲ್ಲೇ ಉಳಿಯಿತು. ಅದಕ್ಕೆ ಕಾರ್ಡು ಬರೆದಿರಲಿಲ್ಲ. ಅಧ್ಯಕ್ಷರಿಗೆ ಕಾರ್ಡು ಎಂಥದ್ದು.

ಶಂಕರಲಿಂಗಪ್ಪನವರು ಆ ಸಂಜೆ ಅಧ್ಯಕ್ಷರ ಮನೆಗೆ ಹೋದರು. ಒಳಗೆ ಏನು ಮಾತಾಯಿತೋ, ಹೊರಗೆ ಬಂದವರ ಬಾಯಲ್ಲಿ ಎಲೆಅಡಿಕೆಯೂ ಇರಲಿಲ್ಲ, ಮಾತೂ ಇರಲಿಲ್ಲ. ಅವರಿಗೂ ಖಾಯಂ ಆಗಬೇಕಿತ್ತು. ಅವರಿಗೂ ಹೆಂಡತಿ ಮಕ್ಕಳಿದ್ದರು. ಇದನ್ನು ಹೇಳದೆ ಹೋದರೆ ಅನ್ಯಾಯ, ಹೇಳಿದರೆ ಅವರ ತಪ್ಪು ಸಣ್ಣದಾಗುವುದಿಲ್ಲ.

ಮರುದಿನ ಅವರು ದಾಸಮ್ಮನನ್ನು ಹೊಸಿಲ ಹತ್ತಿರ ಕರೆದು ಶಾಯಿ ಡಬ್ಬಿ ಮುಂದೆ ಇಟ್ಟರು. "ಹೆಬ್ಬೆಟ್ಟು ಒತ್ತಬೇಕು. ಒಂದು ಈ ಸದಸ್ಯತ್ವದ ಕಾಗದಕ್ಕೆ, ಹನ್ನೊಂದು ಇಲ್ಲಿ."

"ಖಾಯಂ ಆಗಾಕಾ ಸ್ವಾಮಿ?"

ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅವಳು ಹನ್ನೆರಡು ಸಲ ಒತ್ತಿದಳು. ಸರ್ಕಾರದ ಕೆಲಸಕ್ಕೆ ಇಷ್ಟು ಹೆಬ್ಬೆಟ್ಟು ಬೇಕಾಗುತ್ತದೆ ಎಂದುಕೊಂಡಳು. ಅಂದು ಮೊದಲ ಸಲ ಮಗಳಿಗೆ ವಿಷಯ ತಿಳಿಸಿದಳು, ಬೆರಳಿನ ಶಾಯಿ ತೋರಿಸಿ.

ಹತ್ತನೆಯ ತಾರೀಕು ಅಧಿಕಾರಿ ಬಂದರು. ಹೊಸ ಸುಣ್ಣದ ವಾಸನೆಯ ನಡುವೆ ಮೇಜಿನ ಮುಂದೆ ಅಧ್ಯಕ್ಷ ನಾಗಲಿಂಗಯ್ಯನವರ ಜೊತೆ ಕೂತು ಇಡೀ ದಿನ ತಾಳೆ ನೋಡಿದರು. ಎಲ್ಲವೂ ಸರಿಯಾಗಿತ್ತು. ಕೊನೆಗೆ ಟ್ರೇನಲ್ಲಿದ್ದ ಹನ್ನೊಂದು ಕಾರ್ಡುಗಳನ್ನು ಎತ್ತಿಕೊಂಡರು.

"ದಾಸಮ್ಮ, ಕೋಂ ಚಿಕ್ಕನರಸಯ್ಯ. ಹನ್ನೊಂದು ಸಂಪುಟ. ಅವಧಿ ಮೀರಿದೆ. ಯಾರಿದು?"

"ಅಗೋ, ಅಲ್ಲಿ ನಿಂತಿದಾಳಲ್ಲ," ಎಂದರು ಅಧ್ಯಕ್ಷರು.

ಅಧಿಕಾರಿ ಹೊಸಿಲ ಹೊರಗೆ ನಿಂತವಳನ್ನು ನೋಡಿದರು. "ಈಕೆಗೆ ಇಂಗ್ಲಿಷ್ ಓದಲು ಬರುತ್ತದೆಯೇ?"

"ಕನ್ನಡವೇ ಬರಲ್ಲ ಸ್ವಾಮಿ. ರಟ್ಟು ದಪ್ಪ ಇದೆ, ಮೊರಕ್ಕಾಗುತ್ತೆ ಅಂತ ತಗೊಂಡಿರ್ತಾಳೆ. ಹೋದ ತಿಂಗಳು ಇಡೀ ಟ್ರೇನೇ ಅರೆದು ಮೊರಕ್ಕೆ ಬಳಿದುಬಿಟ್ಟಿದಾಳೆ, ಇಡೀ ಊರಿಗೇ ಗೊತ್ತು."

ಕೋಣೆಯಲ್ಲಿದ್ದ ಕಮಿಟಿಯವರೆಲ್ಲ ನಕ್ಕರು. ಅಧಿಕಾರಿಗೂ ನಗು ಬಂತು. ನಿಜವಾಗಿ ಆದ ತಪ್ಪೊಂದು ಇದ್ದದ್ದರಿಂದ ಸುಳ್ಳು ಅದರ ಪಕ್ಕದಲ್ಲಿ ಸಲೀಸಾಗಿ ಕೂತಿತು.

"ಇಲ್ಲ ಸ್ವಾಮಿ," ಎಂದಳು ದಾಸಮ್ಮ. "ಅವು ಅಧ್ಯಕ್ಷರ ಮನೆ ಗಾಜಿನ ಬೀರುವಿನಾಗೆ ಅವೆ. ಶಂಕರಲಿಂಗಪ್ಪೋರೇ ಪುಟ್ಟಿಗೆ ತುಂಬಿದ್ದು. ನಾನೇ ಹೊತ್ಕಂಡು ಹೋದೆ. ಕೇಳಿ ಅವ್ರನ್ನ."

ಶಂಕರಲಿಂಗಪ್ಪನವರು ರಿಜಿಸ್ಟರಿನ ಪುಟ ತಿರುಗಿಸುತ್ತಿದ್ದರು. ತಿರುಗಿಸುತ್ತಲೇ ಇದ್ದರು.

"ನೋಡಿ, ಹೊತ್ಕೊಂಡು ಹೋದವಳು ತಾನೇ ಅಂತ ಅವಳ ಬಾಯಲ್ಲೇ ಬಂತು," ಎಂದರು ನಾಗಲಿಂಗಯ್ಯನವರು, ಮೆತ್ತಗೆ. ಅಧಿಕಾರಿ ಅದನ್ನು ಹಾಗೆಯೇ ಬರೆದುಕೊಂಡರು. ಪುಸ್ತಕಗಳನ್ನು ಹೊತ್ತುಕೊಂಡು ಹೋದುದನ್ನು ಸ್ವತಃ ಒಪ್ಪಿಕೊಂಡಿದ್ದಾಳೆ. ಪಟ್ಟಿಯಿಂದ ಹೆಸರು ತೆಗೆಯತಕ್ಕದ್ದು.

ಅಧಿಕಾರಿಯ ಜೀಪು ಹೋಯಿತು, ಕಮಿಟಿಯವರು ಹೋದರು. ದಾಸಮ್ಮ ತನ್ನ ಜಾಗದಲ್ಲಿ, ಮೆಟ್ಟಿಲ ಪಕ್ಕ ಕೂತಿದ್ದಳು. ಕಾಯಲು ಚಪ್ಪಲಿಗಳಿರಲಿಲ್ಲ. ಶಂಕರಲಿಂಗಪ್ಪನವರು ಬಾಗಿಲಿಗೆ ಬಂದು ನಿಂತರು.

"ಆ ಪುಸ್ತಕದಾಗೆ ಏನೈತೆ ಸ್ವಾಮಿ?" ಎಂದು ಅವಳೇ ಕೇಳಿದಳು. "ನನ್ನ ಹೆಸ್ರಿಗಿರೋವು."

"ವಿಶ್ವಕೋಶ ಅಂದ್ರೆ... ಪ್ರಪಂಚದಲ್ಲಿರೋ ಎಲ್ಲಾ ವಿಷಯಾನೂ ಇರುತ್ತೆ."

"ಎಲ್ಲಾನೂವಾ?"

"ಹೂಂ, ಎಲ್ಲಾನೂ."

ಅವಳು ಎದ್ದಳು. ಪೊರಕೆಯನ್ನು ಮೂಲೆಯಲ್ಲಿ ಒರಗಿಸಿದಳು. ಆಮೇಲೆ, ಹನ್ನೊಂದು ವರ್ಷ ದೂಳು ಹೊಡೆಯುವ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ದಾಟಿರದಿದ್ದ ಹೊಸಿಲು ದಾಟಿ ಒಳಗೆ ಹೋಗಿ, ಮೂರನೆಯ ಬೀರು ತೆರೆದು ನೀಲಿ ಪುಸ್ತಕವನ್ನು ಹೊರಗೆ ತೆಗೆದು ಅವರ ಮೇಜಿನ ಮೇಲಿಟ್ಟಳು. "ನಾನೀಗ ಸದಸ್ಯೆ ಅಲ್ವಾ ಸ್ವಾಮಿ. ಇದನ್ನೂ ನನ್ನ ಹೆಸ್ರಿಗೆ ಬರ್ಕಳಿ."

ಅವರು ಕಾರ್ಡು ಬರೆದರು. ಶಾಯಿ ಡಬ್ಬಿಯನ್ನು ಅವಳೇ ಮುಂದಕ್ಕೆ ಎಳೆದುಕೊಂಡು ಹೆಬ್ಬೆಟ್ಟು ಒತ್ತಿದಳು. ಏನಕ್ಕೆ ಒತ್ತುತ್ತಿದ್ದೇನೆ ಎಂದು ತಿಳಿದು ಅವಳು ಒತ್ತಿದ್ದು ಆ ಕಾರ್ಡಿಗೆ ಮಾತ್ರ.

ಮರುದಿನ ದಾಸಮ್ಮ ದೊಡ್ಡೇರಿ ದಾಟಿ ಹಟ್ಟಿಗೆ ನಡೆದಳು. ಕರಿಯಕ್ಕ ರೊಪ್ಪದಲ್ಲಿದ್ದಳು. ದಾಸಮ್ಮ ಪುಸ್ತಕವನ್ನು ಅದೇ ಕಲ್ಲುಗೋಡೆಯ ಮೇಲೆ ಇಟ್ಟು ಹಿಂದಕ್ಕೆ ಸರಿದಳು. ಕರಿಯಕ್ಕ ಹತ್ತಿರ ಬಂದು ಮೊದಲು ಉಣ್ಣೆಯ ಎಳೆ ಅದೇ ಹಾಳೆಯಲ್ಲಿದೆಯೇ ಎಂದು ಬಿಡಿಸಿ ನೋಡಿದಳು. ಇತ್ತು.

"ಎಷ್ಟು ದಿನಕ್ಕೆ?" ಎಂದು ಕೇಳಿದಳು.

"ಮಡಿಕ್ಕಳಕ್ಕ," ಎಂದಳು ದಾಸಮ್ಮ. "ನನ್ನ ಹೆಸ್ರಿಗೈತೆ. ಕೇಳ್ಕಂಡು ಇಲ್ಲಿಗಂಟ ಬರೋಳು ನಾನೊಬ್ಳೇ ಇದ್ದೆ. ನನ್ನ ಕೆಲ್ಸ ಹೋಯ್ತು."